ಪರವಾಗಿಲ್ಲ ಎಂಬ ಹಸಿರು ಗುಂಡಿ

ಕಿವಿಯಕ್ಕನನ್ನು ಫೋನಿನ ಕೋಣೆಯಿಂದ ಎಬ್ಬಿಸಿ ರವಾನೆ ವಿಭಾಗಕ್ಕೆ ಹಾಕಿದ ದಿನ ನಮ್ಮ ಕಚೇರಿಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ರೋಗಿಗಳ ದನಿ ಕೇಳಿದವಳಿಗೆ ಲಕೋಟೆ ಅಂಟಿಸುವ ಕೆಲಸ ಕೊಟ್ಟರು. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಅರ್ಧ ಉರಿ ಅವರ ಮೇಲೆ, ಇನ್ನರ್ಧ ನನ್ನ ಮೇಲೆ. ಅವರ ಪಾಲಿನದನ್ನು ಮೊದಲು ಹೇಳುತ್ತೇನೆ, ನನ್ನ ಪಾಲಿನದೂ ಬರುತ್ತದೆ.

ನಮ್ಮದು ಸರ್ಕಾರಿ ಆರೋಗ್ಯ ವಿಮಾ ಸಂಸ್ಥೆ. ಮೂರನೇ ಮಹಡಿಯ ಕೊನೆಗೆ ಫೋನಿನ ಕೋಣೆ. ಅಲ್ಲಿ ಆರು ಮೇಜು, ಆರು ಫೋನು, ಅರ್ಧ ಮಾತ್ರ ತೆರೆಯುವ ಒಂದು ಕಿಟಕಿ. ಕಿವಿಯಕ್ಕ ಅಲ್ಲಿಗೆ ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದ ಮೇಲೆ. ಎಕ್ಸ್‌ಚೇಂಜಿನ ಆಪರೇಟರುಗಳನ್ನೆಲ್ಲ ಸಿಕ್ಕ ಸಿಕ್ಕ ಇಲಾಖೆಗೆ ಹಂಚಿದಾಗ ಇವಳು ನಮ್ಮ ಪಾಲಿಗೆ ಬಂದಳು. ನಮ್ಮ ಪುಣ್ಯ ಅನ್ನಬೇಕು, ಆದರೆ ನಾವು ಅದನ್ನು ಉಳಿಸಿಕೊಳ್ಳಲಿಲ್ಲ.

ದನಿಯಲ್ಲೇ ಮನಸ್ಸು ಓದುತ್ತಿದ್ದಳು, ಅದಕ್ಕೇ ನಮಗೆಲ್ಲ ಕಿವಿಯಕ್ಕ. ಆ ಕಿವಿಯ ಬಗ್ಗೆ ಕೇಳಿದರೆ ಗಂಡನ ಮೇಲೆ ಹಾಕುತ್ತಿದ್ದಳು. ಅವರು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಮಾತೆಲ್ಲ ಮಕ್ಕಳ ಮುಂದೆ ಖರ್ಚು ಮಾಡಿ ಮನೆಗೆ ಬರುವಾಗ ಬರೀ ‘ಹ್ಞೂಂ’ ಹೊತ್ತುಕೊಂಡು ಬರುತ್ತಿದ್ದರಂತೆ. “ಅದೊಂದು ಹ್ಞೂಂನಲ್ಲೇ ಹಸಿವು ಎಷ್ಟು, ಸಿಟ್ಟು ಎಷ್ಟು, ತಲೆನೋವು ಎಷ್ಟು ಅಂತ ಲೆಕ್ಕ ಹಾಕ್ಬೇಕು ಕಣಣ್ಣ. ಲೆಕ್ಕದ ಮೇಷ್ಟ್ರು ಅವರು, ಲೆಕ್ಕ ಹಾಕೋಳು ನಾನು” ಎಂದು ನಗುತ್ತಿದ್ದಳು.

ನಾನು ಅದೇ ಮಹಡಿಯಲ್ಲಿ ಭಾಷಾಂತರದ ಗುಮಾಸ್ತ. ಸುತ್ತೋಲೆ, ನಮೂನೆ, ನಿಯಮಾವಳಿ ಎಲ್ಲವನ್ನೂ ಕನ್ನಡಕ್ಕೆ ತರುವುದು ನನ್ನ ಕೆಲಸ. ಅದಕ್ಕೇ ಎಲ್ಲರೂ ನನ್ನನ್ನು ನಿಘಂಟಣ್ಣ ಎನ್ನುತ್ತಿದ್ದರು. ಕೇಳಿ ಹೆಮ್ಮೆಪಡುತ್ತಿದ್ದೆ, ಮಂಕುದಿಣ್ಣೆ.

ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮಾಯದ ಗಾಯ ಇರುವವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುವುದು ಕಿವಿಯಕ್ಕನ ಕೆಲಸ. ತೊಂದರೆ ಇದೆ ಅನ್ನಿಸಿದರೆ ಸಂಸ್ಥೆಯ ಸಿಸ್ಟರ್ ಅವರ ಮನೆಗೆ ಹೋಗಿ ನೋಡುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ನಮ್ಮ ಜನಕ್ಕೆ ಹೇಗಿದ್ದೀರಿ ಎಂದು ಕೇಳಿ ನೋಡಿ, ಏನಂತಾರೆ? “ಪರವಾಗಿಲ್ಲ.” ಜ್ವರ ಬಿಟ್ಟಾಗಲೂ ಪರವಾಗಿಲ್ಲ, ಜ್ವರ ನೆತ್ತಿಗೇರಿದಾಗಲೂ ಪರವಾಗಿಲ್ಲ. ಕಾಲು ತುಳಿದವನಿಗೂ ಪರವಾಗಿಲ್ಲ, ಮಗಳ ಹೊಸ ಅಡುಗೆಗೂ ಪರವಾಗಿಲ್ಲ. ಹೇಳಿದವರ ಮುಖ ಎದುರಿಗಿದ್ದರೆ ಸರಿ, ಫೋನಿನಲ್ಲಿ ಮುಖ ಎಲ್ಲಿಂದ ತರುತ್ತೀರಿ?

ಕಿವಿಯಕ್ಕ ತರುತ್ತಿದ್ದಳು. ಅವಳ ಹತ್ತಿರ ಉದ್ದನೆಯ ರಟ್ಟಿನ ಪುಸ್ತಕವಿತ್ತು. ಹೆಸರಿನ ಮುಂದೆ ಅವಳು ಬರೆಯುತ್ತಿದ್ದದ್ದು ಒಂದೇ ಅಕ್ಷರ, ‘ಪ’. ಚುಟುಕಾಗಿ, ನಗುತ್ತಾ ಬಂದ ಪರವಾಗಿಲ್ಲಕ್ಕೆ ಪಕ್ಕದಲ್ಲೊಂದು ಚುಕ್ಕೆ. ಎಳೆದು ಬಂದದ್ದಕ್ಕೆ ಒಂದು ಗೆರೆ, ಎಳೆದಷ್ಟೂ ಉದ್ದ. ಹೇಳುವ ಮುಂಚೆ ಉಸಿರು ತೆಗೆದುಕೊಂಡಿದ್ದರೆ ಎದುರಿಗೊಂದು ಸೊನ್ನೆ. ಸಿಸ್ಟರ್ ಬೆಳಿಗ್ಗೆ ಬಂದು ಗೆರೆ ಉದ್ದ ಇರುವ ಮನೆಗೆ ಮೊದಲು ಹೋಗುತ್ತಿದ್ದರು. ಒಂದು ಸಲ ನಾನು ಆ ಪುಸ್ತಕ ನೋಡಿ, “ಇದೇನಕ್ಕಾ, ಮಗು ಅಕ್ಷರ ತಿದ್ದಿದ ಹಾಗಿದೆ” ಎಂದೆ. “ನೀನು ಬರೆಯೋ ಸುತ್ತೋಲೆಗಿಂತ ವಾಸಿ. ಇದನ್ನ ಓದೋರು ಒಬ್ಬರಾದ್ರೂ ಇದಾರೆ” ಎಂದಳು.

ಅವಳ ಪಟ್ಟಿಯಲ್ಲಿ ಒಬ್ಬರು ಡ್ರೈವರಣ್ಣ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಸಕ್ಕರೆ ಕಾಯಿಲೆ. ಕ್ಲಚ್ ಒತ್ತುತ್ತಿದ್ದ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಒಂದು ಹುಣ್ಣು. ಈ ಕಾಯಿಲೆ ಹಳೆಯದಾದರೆ ಪಾದಕ್ಕೆ ಸ್ಪರ್ಶವೇ ಇರುವುದಿಲ್ಲ, ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವು ಇಲ್ಲ ಅನ್ನುವುದೇ ಅಲ್ಲಿ ಅಪಾಯ. ಸಿಸ್ಟರ್ ವಾರಕ್ಕೆರಡು ಸಲ ಹೋಗಿ ತೊಳೆದು ಕಟ್ಟು ಕಟ್ಟದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಇವರಿಬ್ಬರ ಫೋನು ಕೇಳಲು ಪಕ್ಕದ ಮೇಜಿನವರೂ ಕೆಲಸ ನಿಲ್ಲಿಸುತ್ತಿದ್ದರು.

“ಹೇಗಿದೀರಿ ಡ್ರೈವರಣ್ಣ?”

“ಪರ...ವಾಗಿಲ್ಲ ತಾಯಿ.”

“ಯಾವ ಪರವಾಗಿಲ್ಲ ಇದು? ಬೆಳಿಗ್ಗೆ ಬಚ್ಚಲಿಗೆ ನೆಟ್ಟಗೆ ಹೋದ್ರಾ, ಗೋಡೆ ಹಿಡ್ಕೊಂಡು ಹೋದ್ರಾ?”

“ಗೋಡೆ ಇರೋದು ಹಿಡ್ಕೊಳಕ್ಕೆ ತಾನೆ ತಾಯಿ.”

“ಚಪ್ಪಲಿ ಹಾಕಿದೀರಾ ಮನೆ ಒಳಗೆ? ಇಲ್ಲ ಅಲ್ವಾ? ಕೊಡಿ ಫೋನ್ ಅತ್ತಿಗೆ ಕೈಗೆ. ಮೂವತ್ತು ವರ್ಷ ಬಸ್ಸಿನ ಚಕ್ರ ನೋಡ್ಕೊಂಡೋರಿಗೆ ಸ್ವಂತ ಕಾಲು ನೋಡ್ಕೊಳಕ್ಕೆ ಏನು ರೋಗ?”

ಅವಳು ಬೈಯುತ್ತಿದ್ದಳು, ಅವರು ಆ ಕಡೆ ನಗುತ್ತಿದ್ದರು. ಪುಸ್ತಕದಲ್ಲಿ ಉದ್ದ ಗೆರೆ ಬೀಳುತ್ತಿತ್ತು, ಸಿಸ್ಟರ್ ಹೋಗುತ್ತಿದ್ದರು.

ಹೀಗಿರುವಾಗ ಮೇಲಿನವರಿಗೆ ನಮ್ಮ ಸಂಸ್ಥೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಬೇಕು ಅನ್ನಿಸಿತು. ಅದನ್ನು ಹೊತ್ತು ತಂದವರು ಹೊಸ ಉಪನಿರ್ದೇಶಕರು. ಯಾವ ಮಾತಿಗೂ ಗೋಡೆಯ ಮೇಲೆ ಒಂದು ಸ್ಲೈಡ್ ಬಿಡುತ್ತಿದ್ದರಿಂದ ಅವರಿಗೆ ಸ್ಲೈಡ್ ಸಾಹೇಬರು ಎಂದೇ ಹೆಸರಾಯಿತು. ಅವರೇನು ಕೆಟ್ಟವರಲ್ಲ. ಲಿಫ್ಟಿನಲ್ಲಿ ನಮಸ್ಕಾರಕ್ಕೆ ನಮಸ್ಕಾರ ಹೇಳುವವರೇ. ಆದರೆ ರೋಗಿಯನ್ನು ಅವರು ಕಂಡದ್ದು ಬಣ್ಣದ ಕಂಬಗಳಾಗಿ ಮಾತ್ರ.

ಹೊರದೇಶಗಳ ವಿಮಾ ಸಂಸ್ಥೆಗಳು ಸೇರಿ ಮಾಡಿದ ಒಂದು ಕೈಪಿಡಿ ನನ್ನ ಮೇಜಿಗೆ ಬಂತು, ಕನ್ನಡ ಮಾಡು ಎಂದು. ಅದನ್ನು ನಾನು ಬೈಯುವುದಿಲ್ಲ. ರೋಗ ಉಲ್ಬಣಿಸುವ ಮೊದಲೇ ವಿಚಾರಿಸಿ, ಆಸ್ಪತ್ರೆಗೆ ಬರುವ ಮೊದಲೇ ಮನೆಗೆ ಹೋಗಿ, ಒಬ್ಬರನ್ನೂ ಪಟ್ಟಿಯಿಂದ ಜಾರಿಸಬೇಡಿ ಎಂದು ಬರೆದಿತ್ತು. ಒಳ್ಳೆಯ ಮಾತಲ್ಲವೇ? ಪ್ರಶ್ನೆ ಒಂದೇ, ಉತ್ತರ ಮೂರು. ಚೆನ್ನಾಗಿದ್ದರೆ ಕಂಪ್ಯೂಟರಿನಲ್ಲಿ ಹಸಿರು ಗುಂಡಿ, ಚೆನ್ನಾಗಿಲ್ಲದಿದ್ದರೆ ಕೆಂಪು, ಎರಡೂ ಅಲ್ಲದಿದ್ದರೆ ನಡುವೆ ಹಳದಿ. ಹಳದಿ ಬಂದರೆ ಮೂರು ದಿನದೊಳಗೆ ಸಿಸ್ಟರ್ ಹೋಗಿ ಕಣ್ಣಾರೆ ನೋಡಬೇಕು. ನಡುವಿನ ಗುಂಡಿಗೆ ಕನ್ನಡದ ಮಾತು ಬೇಕಿತ್ತು. ನಾನು ಹೆಚ್ಚು ಯೋಚಿಸಲಿಲ್ಲ, ‘ಪರವಾಗಿಲ್ಲ’ ಎಂದು ಬರೆದೆ. ಎಷ್ಟು ಸಹಜವಾಗಿ ಬಂತು ಮಾತು ಎಂದು ಖುಷಿಯಿಂದ ಟೀ ಕುಡಿದೆ.

ನಲವತ್ತೊಂದನೇ ಪುಟದಲ್ಲಿ ಇನ್ನೊಂದು ಮಾತಿತ್ತು: “ನಿಮ್ಮ ಜನ ನೋವನ್ನು ಮುಚ್ಚಿಡಲು ಯಾವ ಮಾತು ಬಳಸುತ್ತಾರೆ ಎಂಬುದನ್ನು ಈ ಪದ್ಧತಿ ತರುವ ಮೊದಲು ಫೋನಿನಲ್ಲಿ ಕೂರುವವರನ್ನು ಕೇಳಿ. ಕೇಳುವವರಿಗೆ ಅನುಮಾನ ಬಂದರೆ, ರೋಗಿ ಏನೇ ಹೇಳಿರಲಿ, ಅನುಮಾನವೇ ಮೇಲು. ಕೆಂಪು ಗುಂಡಿ ಒತ್ತಲಿ.” ಅದನ್ನೂ ಕನ್ನಡ ಮಾಡಿ ಕಳಿಸಿದೆ.

ಕರಡು ತಿರುಗಿ ಬಂದಾಗ ಆ ಪುಟದ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಸ್ಲೈಡ್ ಸಾಹೇಬರ ಸಹಿ, ‘ನಮಗೆ ಅನ್ವಯಿಸುವುದಿಲ್ಲ’. ಹಳದಿಗೂ ಕತ್ತರಿ ಬಿದ್ದಿತ್ತು. ಕೇಳಲು ಹೋದೆ.

“ಅಲ್ಲ ಸರ್, ನಡುವಿನದು ಹಳದಿ ಅಂತ ಮೂಲದಲ್ಲಿ ಇದೆ.”

“ನೋಡ್ರಿ, ಇನ್ನೊಂದು ಶಾಖೇಲಿ ಒಂದು ತಿಂಗಳು ಪ್ರಯೋಗ ಮಾಡಿ ನೋಡಿದ್ವಿ. ಮುಕ್ಕಾಲು ಪಾಲು ಜನ ಹಳದೀಲೇ ಬಂದ್ರು. ವರದಿಗೆ ಕಾಮಾಲೆ ಹತ್ತಿದ ಹಾಗೆ ಕಾಣುತ್ತೆ. ಅಷ್ಟು ಮನೆಗೆ ಹೋಗೋಕೆ ಸಿಸ್ಟರ್‌ಗಳೆಲ್ಲಿದಾರೆ? ಪರವಾಗಿಲ್ಲ ಅಂದ್ರೆ ತೊಂದರೆ ಇಲ್ಲ ಅಂತ ತಾನೆ? ಹಸಿರಿಗೆ ಸೇರಿಸಿ.”

ಮುಕ್ಕಾಲು ಪಾಲು ಜನ ಯಾಕೆ ಒಂದೇ ಮಾತು ಹೇಳಿದರು ಎಂದು ಕೇಳಲು ಆ ಮನುಷ್ಯನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ನಾಲಿಗೆ ಹೊರಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ, ಪಕ್ಕದಲ್ಲಿ ನಿಂತಿದ್ದ ನಾನು ಗಂಟೆ ಬಾರಿಸಿದೆ. ಅಡ್ಡಗೆರೆ ಎಳೆದ ಆ ಹಾಳೆಯನ್ನು ಮಾತ್ರ ಯಾಕೋ ಎಸೆಯಲು ಮನಸ್ಸು ಬರದೆ ಮೇಜಿನ ಡ್ರಾಯರಿನಲ್ಲಿ ಇಟ್ಟೆ.

ಹೊಸ ನಿಯಮ ಬಂತು. ರಟ್ಟಿನ ಪುಸ್ತಕ ಹಳೇ ಕಾಗದದ ಮೂಟೆಗೆ ಹೋಯಿತು. ಮೂರೂ ಉತ್ತರಗಳನ್ನು ಓದಿ ಹೇಳಿ, ರೋಗಿ ಆರಿಸಿದ್ದನ್ನು ಒತ್ತಬೇಕು, ಬೇರೆ ಮಾತಿಲ್ಲ. ಎರಡು ವಾರ ಸತತವಾಗಿ ಹಸಿರು ಬಂದರೆ ಸಿಸ್ಟರ್ ಭೇಟಿ ತಾನಾಗಿಯೇ ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಗುಂಡಿ ಅಂದರೆ ಒತ್ತುವುದೂ ಹೌದು, ಬೀಳುವುದೂ ಹೌದು. ಎರಡೂ ಅರ್ಥ ಅಲ್ಲಿ ಒಟ್ಟಿಗೇ ಕೂತಿದ್ದವು.

ಕಿವಿಯಕ್ಕ ಮೊದಲ ದಿನವೇ ಪರದೆ ನೋಡಿ ನನ್ನ ಮೇಜಿಗೆ ಬಂದಳು. “ಅಣ್ಣಾ, ಈ ಮಧ್ಯದ ಮಾತು ಯಾರಿಟ್ಟಿದ್ದು? ಇದನ್ನ ಬಾಯಿಗೆ ಕೊಟ್ರೆ ಯಾರು ತಾನೆ ಬೇರೆ ಹೇಳ್ತಾರೆ?” ನಾನು ‘ಮೇಲಿಂದ ಬಂತು’ ಎಂದೆ. ಕಚೇರಿಯಲ್ಲಿ ಎಲ್ಲ ಪಾಪವೂ ಮೇಲಿಂದಲೇ ಬರುತ್ತದೆ.

ಅವಳು ವಾದ ಮಾಡಲಿಲ್ಲ. ಎಂದಿನ ಹಾಗೆ ಫೋನ್ ಮಾಡಿದಳು, ಎಂದಿನ ಹಾಗೆ ಕೇಳಿಸಿಕೊಂಡಳು. ಡ್ರೈವರಣ್ಣ “ಪರ...ವಾಗಿಲ್ಲ ತಾಯಿ” ಎಂದಾಗ ಕೆಂಪು ಗುಂಡಿ ಒತ್ತಿದಳು. ಇಪ್ಪತ್ತೊಂದು ವಾರ ಒತ್ತಿದಳು. ಸಿಸ್ಟರ್ ಇಪ್ಪತ್ತೊಂದು ವಾರವೂ ಹೋದರು. ಹುಣ್ಣು ಕಡಲೆಕಾಳಿನಷ್ಟಕ್ಕೆ ಇಳಿದಿತ್ತು. ಇನ್ನೆರಡು ತಿಂಗಳು ಹೀಗೇ ನೋಡಿಕೊಂಡರೆ ಪೂರ್ತಿ ಮಾಯುತ್ತದೆ ಎಂದು ಸಿಸ್ಟರ್ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ್ದು ನನ್ನ ಕಿವಿಯಲ್ಲೇ ಇದೆ.

ಆಮೇಲೆ ತಪಾಸಣೆ ಬಂತು. ಕರೆಗಳೆಲ್ಲ ದಾಖಲಾಗುತ್ತಿದ್ದವು. ರೋಗಿಯ ಮಾತಿಗೂ ಒತ್ತಿದ ಗುಂಡಿಗೂ ತಾಳೆ ನೋಡಿದರು. ಕಿವಿಯಕ್ಕನ ಮೇಜಿನಲ್ಲಿ ಮಾತ್ರ ತಾಳೆಯಾಗಲಿಲ್ಲ. ‘ಸುಳ್ಳು ದಾಖಲೆ’ ಎಂದು ನೋಟಿಸು ಕೊಟ್ಟರು. ಸುಳ್ಳು! ಆ ಕೋಣೆಯಲ್ಲಿ ನಿಜ ದಾಖಲಿಸುತ್ತಿದ್ದವಳು ಒಬ್ಬಳೇ.

ವಿಚಾರಣೆ ಸಭಾಂಗಣದಲ್ಲಿ. ಸ್ಲೈಡ್ ಸಾಹೇಬರು, ಪಕ್ಕದಲ್ಲಿ ಬೇರೆ ವಿಭಾಗದ ಇಬ್ಬರು ಅಧಿಕಾರಿಗಳು. ನಿಯಮ ಓದಿ ಹೇಳಲು ನಾನು. ಡ್ರೈವರಣ್ಣನ ಕರೆಯನ್ನು ಸ್ಪೀಕರಿನಲ್ಲಿ ಹಾಕಿದರು. “ಪರ...ವಾಗಿಲ್ಲ ತಾಯಿ.” ಆ ‘ಪರ’ಕ್ಕೂ ‘ವಾಗಿಲ್ಲ’ಕ್ಕೂ ನಡುವೆ ಒಬ್ಬ ಮನುಷ್ಯ ಗೋಡೆ ಹಿಡಿದು ನಿಂತದ್ದು ಕೇಳಿಸಿತು. ಅಲ್ಲಿದ್ದವರೆಲ್ಲ ಕನ್ನಡದವರೇ, ತಾಯಿ ಹೊಟ್ಟೆಯಿಂದಲೇ ಆ ಮಾತು ಕೇಳಿಕೊಂಡು ಬಂದವರೇ. ಒಬ್ಬ ಅಧಿಕಾರಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸಿದ. ಗೊತ್ತಾಯಿತು, ಎಲ್ಲರಿಗೂ ಗೊತ್ತಾಯಿತು.

ಸ್ಲೈಡ್ ಸಾಹೇಬರು ನನ್ನ ಕಡೆ ತಿರುಗಿದರು. “ನೀವು ಹೇಳ್ರಿ, ಪರವಾಗಿಲ್ಲ ಅಂದ್ರೆ ನಿಘಂಟಲ್ಲಿ ಅರ್ಥ ಏನು?”

ಡ್ರಾಯರಿನಲ್ಲಿ ಆ ಪುಟ ಇತ್ತು. ಇಪ್ಪತ್ತು ಹೆಜ್ಜೆ ನಡೆದರೆ ತರಬಹುದಿತ್ತು. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

“ಚಿಂತೆ ಇಲ್ಲ, ತೊಂದರೆ ಇಲ್ಲ ಅಂತ ಸರ್” ಎಂದೆ.

ಕಿವಿಯಕ್ಕ ನನ್ನ ಮುಖ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ. ಸಾಹೇಬರಿಗೆ ಹೇಳಿದಳು: “ಸಾರ್, ನಿಮ್ಮ ತಾಯಿ ಹಾಸಿಗೆ ಹಿಡಿದು ಪರವಾಗಿಲ್ಲ ಮಗಾ ಅಂದ್ರೆ ನೀವು ನಿಘಂಟು ತೆಗೀತೀರಾ? ಹಣೆ ಮುಟ್ಟಿ ನೋಡ್ತೀರಾ?”

“ಭಾವನೆ ಬೇಡಮ್ಮ, ಇದು ದತ್ತಾಂಶದ ವಿಷಯ” ಎಂದರು ಅವರು. ಅಷ್ಟಕ್ಕೇ ಮುಗಿಯಿತು. ಮಾರನೆಯ ವಾರ ಅವಳು ನೆಲಮಹಡಿಯ ರವಾನೆ ವಿಭಾಗದಲ್ಲಿದ್ದಳು. ಗೋಂದಿನ ಡಬ್ಬಿ, ತೂಕದ ಯಂತ್ರ, ಮುದ್ರೆ. ಮಾತಾಡುವ ವಸ್ತು ಅಲ್ಲಿ ಒಂದೂ ಇರಲಿಲ್ಲ. ಕೈಪಿಡಿ ಹೇಳಿದ್ದನ್ನು ಇಡೀ ಸಂಸ್ಥೆಯಲ್ಲಿ ಅಕ್ಷರಶಃ ಪಾಲಿಸಿದವಳು ಆ ಒಬ್ಬಳು. ಅದನ್ನು ಪಾಲಿಸಿದ್ದಕ್ಕೇ, ಅದೇ ಕೈಪಿಡಿಯ ಹೆಸರು ಹೇಳಿ ಅವಳನ್ನು ಕೆಳಗಿಳಿಸಿದರು. ಇದಕ್ಕೆ ಏನನ್ನಬೇಕು ಎಂಬುದಕ್ಕೆ ನನ್ನ ಯಾವ ನಿಘಂಟಿನಲ್ಲೂ ಪದವಿಲ್ಲ. ಬೈಗುಳಗಳಿವೆ, ಅವು ಅಚ್ಚಾಗುವಂಥವಲ್ಲ.

ಅವಳ ಕುರ್ಚಿಗೆ ಗುತ್ತಿಗೆಯ ಮೇಲೆ ಒಬ್ಬಳು ಬಂದಳು. ಪಾಪ, ಅವಳದೇನೂ ತಪ್ಪಿಲ್ಲ. ಹೇಳಿಕೊಟ್ಟದ್ದನ್ನು ಮಾಡಿದಳು. ಹಸಿರು ಏರುತ್ತಾ ಹೋಗಿ ನೂರಕ್ಕೆ ತೊಂಬತ್ತೊಂದಾಯಿತು. ಸ್ಲೈಡ್ ಸಾಹೇಬರಿಗೆ ಒಂದು ಫಲಕ ಬಂತು. ಅದನ್ನು ಲಿಫ್ಟಿನ ಎದುರಿಗೆ ತೂಗುಹಾಕಿದರು. ದಿನಾ ನೋಡಿಕೊಂಡೇ ಮೇಲೆ ಹತ್ತಬೇಕು.

ಒಂಬತ್ತು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಕಿವಿಯಕ್ಕ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ನನ್ನ ಮೇಜಿಗೆ ಬಂದು, ಇನ್ನೂ ಅಂಟಿಸದ ಲಕೋಟೆಯೊಂದನ್ನು ಮುಂದಿಟ್ಟಳು. ಆಸ್ಪತ್ರೆಗೆ ಹೋಗಬೇಕಿದ್ದ ಒಪ್ಪಿಗೆ ಪತ್ರದ ಪ್ರತಿ. ಸದಸ್ಯರ ಸಂಖ್ಯೆ ನೋಡಿಯೇ ಅವಳಿಗೆ ಯಾರೆಂದು ಗೊತ್ತಾಗಿತ್ತು. ಎಡಗಾಲು, ಮೊಣಕಾಲಿನ ಕೆಳಗೆ. ಶಸ್ತ್ರಚಿಕಿತ್ಸೆ ಹಿಂದಿನ ದಿನವೇ ಮುಗಿದಿತ್ತು. ನಮ್ಮ ಸಂಸ್ಥೆ ನಾಲ್ಕೇ ಗಂಟೆಯಲ್ಲಿ ಕಂಪ್ಯೂಟರಿನಲ್ಲೇ ಒಪ್ಪಿಗೆ ಕೊಟ್ಟಿತ್ತು. ಕಾಲು ಕತ್ತರಿಸುವುದಕ್ಕೆ ಅಂತರರಾಷ್ಟ್ರೀಯ ವೇಗ!

“ಕಡಲೆಕಾಳಿನಷ್ಟಿತ್ತು ಅಣ್ಣ” ಎಂದಳು. ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ.

ಅವರು ಮನೆಗೆ ಬಂದ ಮೇಲೆ ಒಂದು ಭಾನುವಾರ ಇಬ್ಬರೂ ಹೋದೆವು. ಬಸ್ ಡಿಪೋದ ಹಿಂದೆ ಎರಡು ಕೋಣೆಯ ಮನೆ. ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಉದ್ದಕ್ಕೂ ಕೈ ಉಜ್ಜಿ ಉಜ್ಜಿ ಕಂದಾದ ಗುರುತು, ಬಚ್ಚಲಿನವರೆಗೆ. ಇಷ್ಟು ವರ್ಷ ಅವಳು ಫೋನಿನಲ್ಲಿ ಕೇಳಿಸಿಕೊಂಡಿದ್ದ ಗೋಡೆ ಅದು. ಕಿವಿಯಕ್ಕ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಡ್ರೈವರಣ್ಣ ಮಂಚದ ಮೇಲೆ ಕೂತಿದ್ದರು. ದನಿ ಕೇಳಿದೊಡನೆ ಮುಖ ಅರಳಿತು. “ಬಂದ್ರಾ ತಾಯಿ! ನಿಮ್ಮ ಮುಖ ಇವತ್ತೇ ನೋಡಿದ್ದು. ಎಲ್ಲಿ ಹೋಗಿಬಿಟ್ರಿ?”

“ನಾನು ಇಲ್ದಿದ್ರೆ ಏನಂತೆ, ಹೊಸಬರು ಕೇಳ್ಲಿಲ್ವಾ ಹೇಗಿದೀರಿ ಅಂತ?”

“ಕೇಳ್ತಿದ್ರು. ಚೆನ್ನಾಗಿದೀರಾ, ಪರವಾಗಿಲ್ವಾ, ಚೆನ್ನಾಗಿಲ್ವಾ ಅಂತ ಮೂರು ಹೇಳೋರು. ಇವಳು ಎದುರಿಗೇ ನಿಂತಿರ್ತಾಳೆ, ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು? ಹೆದರ್ಕೊಳಲ್ವಾ? ಅದಕ್ಕೇ ಮಧ್ಯದ್ದು ಹೇಳ್ತಿದ್ದೆ.” ಮತ್ತೆ ಸೇರಿಸಿದರು: “ನೀವಾಗಿದ್ರೆ ಬೈತಿದ್ರಿ. ಆ ಮಗು ಒಂದು ದಿನಾನೂ ಬೈಲಿಲ್ಲ. ಥ್ಯಾಂಕ್ಸ್ ಹೇಳಿ ಇಟ್ಟುಬಿಡೋದು. ಸಿಸ್ಟರೂ ಬರೋದು ಬಿಟ್ರು. ಹಂಗಾದ್ರೆ ಕಾಲು ವಾಸಿ ಆಗಿರ್ಬೇಕು ಅಂದ್ಕೊಂಡೆ ತಾಯಿ.”

ಬೈಗುಳ ನಿಂತದ್ದಕ್ಕೆ ಕಾಲು ವಾಸಿಯಾಯಿತು ಎಂದು ನಂಬಿದ ಮನುಷ್ಯ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮಂಚದ ಕೆಳಗೆ ಎರಡು ಚಪ್ಪಲಿ ಜೋಡಿಸಿಟ್ಟಿದ್ದವು, ಎರಡೂ.

ಅವರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. “ಕೇಳೋದೇನೋ ಕೇಳಿದ್ರು. ಪರವಾಗಿಲ್ಲ ಅನ್ನೋ ಮಾತನ್ನ ಅವರೇ ಬಾಯಿಗೆ ಕೊಟ್ಟು ಕೇಳಿದ್ರಲ್ಲ. ಅದನ್ನ ಅಲ್ಲಿ ಬರೆದ ಪುಣ್ಯಾತ್ಮ ಯಾರು?”

ಕಿವಿಯಕ್ಕ ನನ್ನ ಕಡೆ ತಿರುಗಿದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೇಲಿಂದ ಬಂತು ಎಂದು ಹೇಳಲು ಆ ಮನೆಗೆ ಮೇಲೆ ಮಹಡಿಯೇ ಇರಲಿಲ್ಲ.

“ನಾನೇ ತಾಯಿ” ಎಂದೆ. “ನಾನೇ ಬರೆದದ್ದು. ತಪ್ಪು ಅಂತ ಗೊತ್ತಾದ ಮೇಲೂ ಸುಮ್ಮನಿದ್ದೆ.”

ಆ ಹೆಂಗಸು ನನ್ನನ್ನೇ ನೋಡುತ್ತಾ ನಿಂತರು. ಡ್ರೈವರಣ್ಣ ಮಾತ್ರ, ಮನೆಗೆ ಬಂದವರ ಮುಖ ಬಾಡಬಾರದು ಅನ್ನುವ ಹಾಗೆ, ಕೈ ಆಡಿಸಿದರು. “ಪರವಾಗಿಲ್ಲ ಬಿಡಿ ಸಾರ್.”

“ಪರವಾ ಇದೆ!”

ಕಿವಿಯಕ್ಕ ಕೂಗಿದ ರಭಸಕ್ಕೆ ನಾನು ಬೆಚ್ಚಿದೆ. “ಇದಕ್ಕೆ ಪರವಾ ಇದೆ ಡ್ರೈವರಣ್ಣ! ಕಾಲು ಹೋಗಿದೆ, ಇನ್ನೂ ಪರವಾಗಿಲ್ಲ ಅಂತೀರಲ್ಲ, ನಾಚಿಕೆ ಆಗ್ಬೇಕು! ನಿಮಗಲ್ಲ, ನಮಗೆ. ಸಾಕು ಆ ಮಾತು. ಈಗ ಕೇಳ್ತೀನಿ, ನಿಜ ಹೇಳಿ. ಹೇಗಿದೀರಿ?”

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಬಂದು ಮಂಚದ ಮೇಲೆ ಪಕ್ಕದಲ್ಲಿ ಕೂತರು. ಡ್ರೈವರಣ್ಣ ಮುಖ ಗೋಡೆಗೆ ತಿರುಗಿಸಿಕೊಂಡು ಹೇಳಿದರು:

“ಚೆನ್ನಾಗಿಲ್ಲ ತಾಯಿ. ಚೆನ್ನಾಗಿಲ್ಲ.”

ಸೋಮವಾರ ಡ್ರಾಯರಿನಿಂದ ನಲವತ್ತೊಂದನೇ ಪುಟ ತೆಗೆದೆ. ಆಡಳಿತ ಮಂಡಳಿಗೆ ಪತ್ರ ಬರೆದೆ: ಮಾತು ಇಟ್ಟವನು ನಾನು, ಬಣ್ಣ ಬದಲಿಸಿದವರು ಉಪನಿರ್ದೇಶಕರು, ಸರಿಯಾಗಿ ಕೆಲಸ ಮಾಡಿದವಳು ರವಾನೆ ವಿಭಾಗದಲ್ಲಿದ್ದಾಳೆ. ಪತ್ರವನ್ನು ತೂಗಿ, ಅಂಟಿಸಿ, ಮುದ್ರೆ ಹಾಕಿ ಕಳಿಸಿದವಳು ಅವಳೇ. ವರ್ಷ ಕಳೆಯಿತು. ‘ಪರಿಶೀಲನೆಯಲ್ಲಿದೆ’ ಎಂದು ಎರಡು ಸಾಲಿನ ಉತ್ತರ ಬಂತು. ನಾನು ನಿವೃತ್ತನಾದೆ. ಅವಳು ಇನ್ನೂ ಲಕೋಟೆ ಅಂಟಿಸುತ್ತಿದ್ದಾಳೆ. ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ಸ್ವಂತ ಫೋನಿನಿಂದ ಡ್ರೈವರಣ್ಣನಿಗೆ ಕರೆ ಮಾಡಿ ಬೈಯುತ್ತಾಳೆ, ಉಳಿದಿರುವ ಇನ್ನೊಂದು ಕಾಲಿಗಾಗಿ.

ನಡುವಿನ ಗುಂಡಿ ಇವತ್ತಿಗೂ ಹಸಿರಾಗಿಯೇ ಇದೆ. ನಿಮಗೂ ಆ ಕರೆ ಬರಬಹುದು. ಬಂದಾಗ ಮನೆಯವರು ಎದುರಿಗಿರಲಿ, ನೆಂಟರು ಕೂತಿರಲಿ, ಕೇಳುವ ದನಿ ಎಷ್ಟೇ ಮುದ್ದಾಗಿರಲಿ, ದಯವಿಟ್ಟು ನಾನು ಬರೆದ ಆ ಮಾತೊಂದನ್ನು ಮಾತ್ರ ಹೇಳಬೇಡಿ.